ಪೊರೆ ಬೇರೆ, ಪರದೆ ಬೇರೆ



ನಮ್ಮ ಸಂಘಗಳ ಸಭೆಯಲ್ಲಿ ಕಣ್ಣಿನ ವಿಷಯ ಬಂದರೆ ಮಾತು ಪೊರೆಯಿಂದ ಶುರುವಾಗಿ ಪೊರೆಯಲ್ಲೇ ಮುಗಿಯುತ್ತದೆ. “ನಮ್ಮತ್ತೆಗೆ ಪೊರೆ ತೆಗೆಸಿ ಲೆನ್ಸ್ ಹಾಕಿಸಿ ಆಯ್ತು, ಇನ್ನು ಕಣ್ಣಿನ ಚಿಂತೆ ಇಲ್ಲ” ಎನ್ನುವವರೇ ಹೆಚ್ಚು. ಪೊರೆ ಆಪರೇಷನ್ ಒಳ್ಳೆಯದೇ. ಅದರಿಂದ ಎಷ್ಟೋ ಹಿರಿಯರು ಮತ್ತೆ ಅಕ್ಕಿ ಆರಿಸುತ್ತಿದ್ದಾರೆ, ಒಬ್ಬರೇ ಬಸ್ಸು ಹತ್ತುತ್ತಿದ್ದಾರೆ. ಆದರೆ ಕಣ್ಣಿನೊಳಗೆ ಪೊರೆ ಬರುವ ಜಾಗ ಬೇರೆ, ನೋಟ ಮೂಡುವ ಪರದೆ ಬೇರೆ. ಪೊರೆ ತೆಗೆಸಿದ ಮಾತ್ರಕ್ಕೆ ಪರದೆಗೆ ಏನೂ ಆಗುವುದಿಲ್ಲ ಎಂದು ತಿಳಿಯಬಾರದು. ಈ ತಿಂಗಳ ಪಾಠದಲ್ಲಿ ಇದನ್ನೇ ಕಲಿಯೋಣ.

ಎರಡು ಮನೆಗಳ ಕಥೆ

ನಮಗೆ ಗೊತ್ತಿರುವ ಎರಡು ಸಂಘಗಳಲ್ಲಿ ನಡೆದದ್ದು ಇದು. ಹೆಸರು ಬೇಡ.

ಮೊದಲನೆಯದು ಒಬ್ಬ ಸದಸ್ಯೆಯ ಅತ್ತೆಯ ಕಥೆ. ವಯಸ್ಸು 65 ದಾಟಿದೆ. ನಾಲ್ಕು ವರ್ಷದ ಹಿಂದೆ ಬಲಗಣ್ಣಿನ ಪೊರೆ ತೆಗೆಸಿ ಲೆನ್ಸ್ ಹಾಕಿಸಿದ್ದರು. ನೋಟ ಚೆನ್ನಾಗಿತ್ತು. ಒಂದು ಸಂಜೆ ಕಣ್ಣಿನ ಮೂಲೆಯಲ್ಲಿ ಮಿಂಚು ಹೊಡೆದ ಹಾಗಾಯಿತು. ಮರುದಿನ ಮಸಿ ಚೆಲ್ಲಿದಂತೆ ಕಪ್ಪು ಚುಕ್ಕೆಗಳು. ಮನೆಯವರು, “ಪೊರೆ ಮತ್ತೆ ಬಂತೇನೋ, ಮುಂದಿನ ತಿಂಗಳು ಕ್ಯಾಂಪ್ ಇದೆಯಲ್ಲ, ಆಗ ತೋರಿಸೋಣ” ಎಂದರು. ಮೆಡಿಕಲ್ ಅಂಗಡಿಯಿಂದ ಡ್ರಾಪ್ಸ್ ತಂದು ಹಾಕಿದರು. ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದೂ ಇಲ್ಲ. ಹಾಗಾಗಿ ಯಾರಿಗೂ ಅವಸರ ಅನ್ನಿಸಲಿಲ್ಲ. ಮೂರು ವಾರ ಕಳೆದು ಕ್ಯಾಂಪಿಗೆ ಹೋದಾಗ ಡಾಕ್ಟರು, “ಇದು ಪೊರೆಯಲ್ಲಮ್ಮಾ, ಕಣ್ಣಿನ ಪರದೆ ಕಳಚಿದೆ” ಎಂದರು. ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಪರದೆ ಮತ್ತೆ ಕೂತಿತು. ನೋಟ ಮಾತ್ರ ಪೂರ್ತಿ ಬರಲಿಲ್ಲ. ಈಗ ಆ ಕಣ್ಣಿಗೆ ಎದುರು ಹಿಡಿದ ಬೆರಳು ಎಣಿಸುವಷ್ಟು ಕಾಣುತ್ತದೆ, ಅಷ್ಟೇ.

ಸೊಸೆ ನಮ್ಮೊಂದಿಗೆ ಹೇಳಿದ ಮಾತು ಮರೆಯುವಂಥದ್ದಲ್ಲ: “ಸಂಘದಲ್ಲಿ ಸಾಲ ಕೇಳೋಣ ಅಂದ್ಕೊಂಡೆ. ಆ ವಾರ ಊರಹಬ್ಬ ಅಂತ ಸಭೆ ಮುಂದಕ್ಕೆ ಹೋಗಿತ್ತು. ಸಭೆ ಇಲ್ಲದೆ ಹೇಗೆ ಕೇಳೋದು ಅಂತ ಸುಮ್ಮನಾದೆ.”

ಎರಡನೆಯದು 39 ವಯಸ್ಸಿನ ಒಬ್ಬ ಸದಸ್ಯೆಯ ಕಥೆ. ಕಣ್ಣಿಗೆ ಯಾವ ಆಪರೇಷನ್ನೂ ಆದವರಲ್ಲ. ಆದರೆ ಶಾಲೆಗೆ ಹೋಗುವಾಗಿನಿಂದ ದಪ್ಪ ಮೈನಸ್ ಕನ್ನಡಕ. ಸಂಘದ ಪುಸ್ತಕ ಬರೆಯುತ್ತಿರುವಾಗ ಎಡಗಣ್ಣಿನ ಮುಂದೆ ಸೊಳ್ಳೆ ಹಾರಿದ ಹಾಗೆ ಚುಕ್ಕೆಗಳು, ಜೊತೆಗೆ ಮಿಂಚು. ಪಕ್ಕದಲ್ಲಿ ಕೂತಿದ್ದ ಅಕ್ಕನಿಗೆ ಇದು ಒಳ್ಳೆಯ ಲಕ್ಷಣವಲ್ಲ ಎಂದು ಗೊತ್ತಿತ್ತು. ಅಧ್ಯಕ್ಷೆ ಅಲ್ಲೇ ಪೆಟ್ಟಿಗೆಯಿಂದ 3,000 ರೂಪಾಯಿ ತೆಗೆದು ಕೊಟ್ಟರು. ಮರುದಿನ ಬೆಳಗಿನ ಬಸ್ಸಿಗೆ ಇಬ್ಬರು ಜೊತೆಯಾಗಿ ಹೋದರು. ಪರದೆ ಹರಿದಿತ್ತು, ಆದರೆ ಇನ್ನೂ ಕಳಚಿರಲಿಲ್ಲ. ಡಾಕ್ಟರು ಹರಿದ ಜಾಗದ ಸುತ್ತ ಲೇಸರ್ ಹಾಕಿದರು. ಸಂಜೆಯ ಬಸ್ಸಿಗೇ ಮನೆಗೆ ಬಂದರು. ಇವತ್ತಿಗೂ ಸಂಘದ ಪುಸ್ತಕ ಅವರೇ ಬರೆಯುವುದು.

ಇಬ್ಬರಿಗೂ ಬಂದ ಲಕ್ಷಣ ಒಂದೇ. ಒಬ್ಬರದು ಹಾಕಿಸಿದ ಲೆನ್ಸಿನ ಕಣ್ಣು, ಇನ್ನೊಬ್ಬರದು ಹುಟ್ಟಿನ ಲೆನ್ಸಿನ ಕಣ್ಣು. ಒಬ್ಬರಿಗೆ ಮೂರು ವಾರ ಹೋಯಿತು, ಇನ್ನೊಬ್ಬರಿಗೆ ಒಂದು ರಾತ್ರಿ.

ಕಣ್ಣಿನೊಳಗೆ ಏನೇನಿದೆ?

ಕಣ್ಣನ್ನು ಒಂದು ಚಿಕ್ಕ ಕೋಣೆ ಎಂದುಕೊಳ್ಳಿ. ಮುಂದೆ ಕಿಟಕಿ, ಹಿಂದೆ ಗೋಡೆ.

ಕಿಟಕಿಯ ಹತ್ತಿರ ಲೆನ್ಸ್ ಇದೆ. ಹುಟ್ಟುವಾಗ ದೇವರು ಕೊಟ್ಟ ಈ ಲೆನ್ಸ್ ಸುಮಾರು 9 ರಿಂದ 10 ಮಿಲಿಮೀಟರ್ ಅಗಲ, 4 ರಿಂದ 5 ಮಿಲಿಮೀಟರ್ ದಪ್ಪ. ಹೆಚ್ಚುಕಮ್ಮಿ ಒಂದು ಅವರೆಕಾಳಿನಷ್ಟು. ಒಂದು ತೆಳು ಚೀಲದೊಳಗೆ ಕೂತಿರುತ್ತದೆ. ವಯಸ್ಸಾದಂತೆ ಈ ಲೆನ್ಸ್ ಮಬ್ಬಾಗುತ್ತದೆ. ಅದನ್ನೇ ನಾವು ಪೊರೆ ಎನ್ನುವುದು.

ಹಿಂದಿನ ಗೋಡೆಗೆ ಒಳಗಿನಿಂದ ಅಂಟಿಕೊಂಡಿರುವ ತೆಳುವಾದ ಪದರವೇ ಪರದೆ. ಡಾಕ್ಟರುಗಳು ಇದನ್ನು ರೆಟಿನಾ ಎನ್ನುತ್ತಾರೆ, ಮಕ್ಕಳ ಪಾಠಪುಸ್ತಕದಲ್ಲಿ ಅಕ್ಷಿಪಟಲ ಎಂದಿರುತ್ತದೆ. ನಾವು ನೋಡುವುದೆಲ್ಲ ಮೂಡುವುದು ಇದರ ಮೇಲೆ. ಇದರ ಮಧ್ಯಭಾಗ ಬಹಳ ಮುಖ್ಯ. ಸೂಜಿಗೆ ದಾರ ಪೋಣಿಸುವುದು, ಅಕ್ಷರ ಓದುವುದು, ಮುಖದ ಗುರುತು ಹಿಡಿಯುವುದು ಎಲ್ಲವೂ ಆ ಮಧ್ಯಭಾಗದ ಕೆಲಸ.

ಲೆನ್ಸಿಗೂ ಪರದೆಗೂ ನಡುವಿನ ಜಾಗದಲ್ಲಿ ಮೊಟ್ಟೆಯ ಬಿಳಿಯಂಥ ತಿಳಿ ಲೋಳೆ ತುಂಬಿರುತ್ತದೆ. ಎಳೆಯ ವಯಸ್ಸಿನಲ್ಲಿ ಇದು ಗಟ್ಟಿಯಾಗಿ ಪರದೆಗೆ ಒತ್ತಿಕೊಂಡಿರುತ್ತದೆ.

ಪರದೆ ಕಳಚುವುದು ಹೇಗೆ?

ವಯಸ್ಸಾದಂತೆ ಈ ಲೋಳೆ ನೀರಾಗಿ, ಕುಗ್ಗಿ, ಒಂದು ದಿನ ಪರದೆಯಿಂದ ಬಿಟ್ಟುಕೊಳ್ಳುತ್ತದೆ. 50-60 ದಾಟಿದ ಬಹಳ ಜನರಿಗೆ ಹೀಗಾಗುತ್ತದೆ, ಹೆಚ್ಚಿನವರಿಗೆ ತೊಂದರೆ ಇಲ್ಲ. ಬಿಟ್ಟುಕೊಳ್ಳುವಾಗ ಪರದೆಯನ್ನು ಎಳೆದರೆ ಮಿಂಚು ಕಾಣುತ್ತದೆ. ಲೋಳೆಯ ಎಳೆಗಳ ನೆರಳು ಪರದೆಯ ಮೇಲೆ ಬಿದ್ದರೆ ಚುಕ್ಕೆ, ದಾರ, ಜೇಡನ ಬಲೆಯ ಹಾಗೆ ತೇಲಾಡುತ್ತದೆ. ಹೀಗೆ ಹೊಸದಾಗಿ ಮಿಂಚು, ಚುಕ್ಕೆ ಕಂಡವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಪರದೆ ಹರಿದಿರುತ್ತದೆ. ಆ ಒಬ್ಬರು ಯಾರು ಎಂದು ಮನೆಯಲ್ಲಿ ಕೂತು ಹೇಳಲು ಬರುವುದಿಲ್ಲ. ಡಾಕ್ಟರೇ ನೋಡಬೇಕು.

ಹರಿದ ತೂತಿನಿಂದ ನೀರು ಪರದೆಯ ಹಿಂದಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಹಂಚು ಒಡೆದು ಗೋಡೆಗೆ ನೀರು ಇಳಿದರೆ ಏನಾಗುತ್ತದೆ? ಮೊದಲು ಬಣ್ಣ ಉಬ್ಬುತ್ತದೆ, ಆಮೇಲೆ ಹಾಳೆ ಹಾಳೆಯಾಗಿ ಏಳುತ್ತದೆ. ಇಲ್ಲೂ ಹಾಗೆಯೇ. ಕಳಚಿದ ಭಾಗಕ್ಕೆ ಹಿಂದಿನ ಪದರದಿಂದ ಸಿಗಬೇಕಾದ ಪೋಷಣೆ ನಿಲ್ಲುತ್ತದೆ, ಅಷ್ಟು ಜಾಗದ ನೋಟ ಹೋಗುತ್ತದೆ. ಹಂಚು ಒಡೆದ ದಿನವೇ ಸರಿಪಡಿಸಿದರೆ ಗೋಡೆ ಉಳಿಯುತ್ತದೆ. ಹರಿದಾಗಲೇ ತೋರಿಸಿದರೆ ಪರದೆ ಉಳಿಯುತ್ತದೆ.

ಇದು ಹೊಸ ತಿಳಿವಳಿಕೆಯಲ್ಲ. ಸ್ವಿಟ್ಜರ್ಲೆಂಡ್ ದೇಶದ ಜೂಲ್ ಗೋನಾ ಎಂಬ ಡಾಕ್ಟರು 1920ರ ದಶಕದಲ್ಲೇ, ತೂತು ಹುಡುಕಿ ಮುಚ್ಚಿದರೆ ಪರದೆ ಕೂರುತ್ತದೆ ಎಂದು ತೋರಿಸಿಕೊಟ್ಟರು. ಅದಕ್ಕೆ ಮೊದಲು ಪರದೆ ಕಳಚಿದರೆ ಕುರುಡೇ ಗತಿ ಎಂಬಂತಿತ್ತು.

ಹುಟ್ಟಿನ ಲೆನ್ಸ್, ಹಾಕಿಸಿದ ಲೆನ್ಸ್: ವ್ಯತ್ಯಾಸವೇನು?

ಹಿಂದಿನ ಕಾಲದಲ್ಲಿ ಪೊರೆ ತೆಗೆಯುವಾಗ ಲೆನ್ಸನ್ನು ಚೀಲದ ಸಮೇತ ತೆಗೆಯುತ್ತಿದ್ದರು, ಬದಲಿಗೆ ಏನೂ ಹಾಕುತ್ತಿರಲಿಲ್ಲ. ನಮ್ಮ ನಾಡಿನ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಮಾಡಿ ಸಾವಿರಾರು ಬಡವರಿಗೆ ನೋಟ ಕೊಟ್ಟ ಕಾಲ ನಮ್ಮ ಹಿರಿಯರಿಗೆ ನೆನಪಿದೆ. ಆಪರೇಷನ್ ಆದ ಅಜ್ಜ ಅಜ್ಜಿಯರು ಆಗ ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ ಹಾಕುತ್ತಿದ್ದರು. ಕಣ್ಣಿನೊಳಗೇ ಲೆನ್ಸ್ ಇಡಬಹುದು ಎಂದು ಮೊದಲು ಮಾಡಿ ತೋರಿಸಿದವರು ಲಂಡನ್ನಿನ ಡಾ. ಹೆರಾಲ್ಡ್ ರಿಡ್ಲಿ, 1949ರಲ್ಲಿ. ಮದುರೈಯಲ್ಲಿ 1992ರಲ್ಲಿ ಶುರುವಾದ ಅರೋಲ್ಯಾಬ್‌ನಂಥ ಕಡೆ ಕಡಿಮೆ ಬೆಲೆಗೆ ಲೆನ್ಸ್ ತಯಾರಾದ ಮೇಲೆ ಬಡವರ ಕಣ್ಣಿಗೂ ಲೆನ್ಸ್ ಬಂತು. ಈಗ ಚೀಲದ ಹಿಂಭಾಗವನ್ನು ಉಳಿಸಿಕೊಂಡು, ಮಬ್ಬಾದ ಲೆನ್ಸ್ ಮಾತ್ರ ತೆಗೆದು, ಅದೇ ಚೀಲದಲ್ಲಿ ಹೊಸ ಲೆನ್ಸ್ ಇಡುತ್ತಾರೆ. ಹಿಂದಿನ ರೀತಿಗಿಂತ ಇದು ಪರದೆಗೆ ಕ್ಷೇಮ. ಆದರೂ ಹುಟ್ಟಿನ ಲೆನ್ಸಿಗೆ ಪೂರ್ತಿ ಸಮವಲ್ಲ. ಯಾಕೆ?

ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತೇವೆ. ಅವರೆಕಾಳಿನಷ್ಟು ದಪ್ಪದ ಲೆನ್ಸ್ ಇದ್ದಾಗ ಹಿಂದಿನ ಲೋಳೆಗೆ ಅಲುಗಾಡಲು ಜಾಗ ಕಡಿಮೆ. ಹಾಕಿಸಿದ ಲೆನ್ಸ್ ಸುಮಾರು 6 ಮಿಲಿಮೀಟರ್ ಅಗಲದ ತೆಳು ಬಿಲ್ಲೆ. ದಪ್ಪದ್ದು ಹೋಗಿ ತೆಳುವಾದದ್ದು ಬಂದಾಗ ಲೋಳೆ ಸ್ವಲ್ಪ ಮುಂದಕ್ಕೆ ಬರುತ್ತದೆ, ಹೆಚ್ಚು ತುಳುಕುತ್ತದೆ. ಇನ್ನು ಹತ್ತು ವರ್ಷಕ್ಕೆ ಪರದೆಯಿಂದ ಬಿಟ್ಟುಕೊಳ್ಳಬೇಕಾದ ಲೋಳೆ ಬೇಗನೆ ಬಿಟ್ಟುಕೊಳ್ಳಬಹುದು. ಆಪರೇಷನ್ ಸಮಯದಲ್ಲಿ ಚೀಲ ಹರಿದು ಲೋಳೆ ಮುಂದೆ ಬಂದಿದ್ದರೆ ಅಪಾಯ ಇನ್ನೂ ಹೆಚ್ಚು.

ಲೆಕ್ಕದಲ್ಲಿ ಹೇಳುವುದಾದರೆ, ಸಾಮಾನ್ಯವಾಗಿ ಹತ್ತು ಸಾವಿರ ಜನರಲ್ಲಿ ವರ್ಷಕ್ಕೆ ಸುಮಾರು ಒಬ್ಬರಿಗೆ ಪರದೆ ಕಳಚುತ್ತದೆ. ಪೊರೆ ಆಪರೇಷನ್ ಆದವರಲ್ಲಿ, ಮುಂದಿನ ಕೆಲವು ವರ್ಷಗಳಲ್ಲಿ ನೂರರಲ್ಲಿ ಸುಮಾರು ಒಬ್ಬರಿಗೆ ಅಥವಾ ಅದಕ್ಕೂ ಕಡಿಮೆ ಜನರಿಗೆ ಹೀಗಾಗಬಹುದು. ಅಂದರೆ ನೂರರಲ್ಲಿ 99 ಜನ ಕ್ಷೇಮ. ಆದ್ದರಿಂದ ಈ ಪಾಠ ಓದಿ ಯಾರೂ “ಪೊರೆ ಆಪರೇಷನ್ ಬೇಡ” ಎನ್ನಬಾರದು. ಪೊರೆ ಬಿಟ್ಟರೆ ನೋಟ ಹೋಗುವುದು ಖಂಡಿತ. ಆಪರೇಷನ್ ಮಾಡಿಸಬೇಕು, ಆಮೇಲೂ ಎಚ್ಚರ ಇರಬೇಕು. ಈ ಎಚ್ಚರ ಒಂದು ತಿಂಗಳಿಗೆ ಮುಗಿಯುವುದಿಲ್ಲ. ನಾಲ್ಕು ವರ್ಷಕ್ಕೆ ಬರಬಹುದು, ಹತ್ತು ವರ್ಷಕ್ಕೂ ಬರಬಹುದು.

ಇನ್ನೊಂದು ವ್ಯತ್ಯಾಸ ನೆನಪಿಡಿ. ಲೆನ್ಸ್ ಹಾಕಿಸಿದ ಕಣ್ಣಿನಲ್ಲಿ ತೂತುಗಳು ಚಿಕ್ಕವು, ಅಂಚಿನಲ್ಲಿರುತ್ತವೆ, ಹುಡುಕುವುದು ಡಾಕ್ಟರಿಗೂ ಕಷ್ಟ. ಮಿಂಚು, ಚುಕ್ಕೆ ಅಷ್ಟಾಗಿ ಕಾಣದೆಯೇ ಪರದೆ ಕಳಚಿ, ಮಧ್ಯಭಾಗಕ್ಕೆ ಬಂದ ಮೇಲೆ ಗೊತ್ತಾಗುವುದು ಈ ಕಣ್ಣುಗಳಲ್ಲಿ ಹೆಚ್ಚು. ಹಾಗಾಗಿ ಲೆನ್ಸ್ ಹಾಕಿಸಿದವರು ಇನ್ನೂ ಜಾಗ್ರತೆಯಿಂದಿರಬೇಕು.

ಲೆನ್ಸ್ ಯಾವುದೇ ಇರಲಿ, ಹೆಚ್ಚು ಎಚ್ಚರ ಬೇಕಾದವರು ಇವರು:

- ದೊಡ್ಡ ನಂಬರಿನ ಮೈನಸ್ ಕನ್ನಡಕದವರು
- ಒಂದು ಕಣ್ಣಿನ ಪರದೆ ಈಗಾಗಲೇ ಕಳಚಿದವರು
- ಅಪ್ಪ, ಅಮ್ಮ, ಅಣ್ಣ, ಅಕ್ಕನಿಗೆ ಹೀಗಾಗಿದ್ದವರು
- ಚೆಂಡು, ದನದ ಕೊಂಬು, ಸೌದೆ ಚೂರು, ಪಟಾಕಿಯಿಂದ ಕಣ್ಣಿಗೆ ಪೆಟ್ಟು ಬಿದ್ದವರು
- ಚಿಕ್ಕ ವಯಸ್ಸಿನಲ್ಲೇ ಪೊರೆ ತೆಗೆಸಿದವರು, ಅದರಲ್ಲೂ ಗಂಡಸರು

ಸಕ್ಕರೆ ಕಾಯಿಲೆಯವರಿಗೆ ಬೇರೆ ರೀತಿಯಲ್ಲಿ ಪರದೆ ಹಾಳಾಗುತ್ತದೆ. ಅವರು ವರ್ಷಕ್ಕೊಮ್ಮೆ ತಪ್ಪದೆ ಪರದೆಯ ಪರೀಕ್ಷೆ ಮಾಡಿಸಬೇಕು.

“ಪೊರೆ ಮತ್ತೆ ಬಂತು” ಎನ್ನುವ ಮುಂಚೆ

ಒಮ್ಮೆ ತೆಗೆದ ಪೊರೆ ಮತ್ತೆ ಬರುವುದಿಲ್ಲ. ಕೆಲವರಿಗೆ ಲೆನ್ಸಿನ ಹಿಂದೆ ಉಳಿಸಿದ ಚೀಲ ತಿಂಗಳು, ವರ್ಷಗಳ ನಂತರ ಮಬ್ಬಾಗುತ್ತದೆ. ಅದನ್ನೇ ಜನ ಪೊರೆ ಮತ್ತೆ ಬಂತು ಎನ್ನುವುದು. ಅದಕ್ಕೆ ಲೇಸರ್ ಇದೆ, ಹೊಲಿಗೆಯೂ ಇಲ್ಲ, ಆಸ್ಪತ್ರೆಯಲ್ಲಿ ಉಳಿಯುವುದೂ ಇಲ್ಲ. ಆ ಮಬ್ಬು ಅಡುಗೆಮನೆಯ ಹೊಗೆಯ ಹಾಗೆ ನಿಧಾನವಾಗಿ, ಎಲ್ಲ ಕಡೆ ಒಂದೇ ರೀತಿ ಬರುತ್ತದೆ. ಪರದೆ ಕಳಚುವುದು ಹಾಗಲ್ಲ. ಅದು ಗಂಟೆ, ದಿನಗಳ ಲೆಕ್ಕದಲ್ಲಿ, ಒಂದು ಪಕ್ಕದಿಂದ ಶುರುವಾಗುತ್ತದೆ.

ಮೂರು ಎಚ್ಚರಿಕೆಗಳು

1. ಕತ್ತಲಲ್ಲಿ ಅಥವಾ ಕಣ್ಣು ಹೊರಳಿಸಿದಾಗ ಪಕ್ಕದಲ್ಲಿ ಮಿಂಚು ಹೊಡೆದಂತೆ ಕಾಣುವುದು.
2. ಒಮ್ಮೆಲೇ ಚುಕ್ಕೆ, ದಾರ, ಮಸಿ, ಸೊಳ್ಳೆಯಂತೆ ತೇಲಾಡುವುದು. ಎಷ್ಟೋ ವರ್ಷದಿಂದ ಒಂದೆರಡು ಚುಕ್ಕೆ ಇದ್ದರೆ ಗಾಬರಿ ಬೇಡ. ಹೊಸದಾಗಿ ಬಂದರೆ ಅಥವಾ ಜಾಸ್ತಿಯಾದರೆ ತಡ ಮಾಡಬೇಡಿ.
3. ಮೇಲಿನಿಂದ, ಕೆಳಗಿನಿಂದ ಅಥವಾ ಪಕ್ಕದಿಂದ ಸೆರಗು ಮುಚ್ಚಿದ ಹಾಗೆ ನೆರಳು ಬರುವುದು.

ಮೂರರಲ್ಲಿ ಒಂದು ಕಂಡರೂ ಸಾಕು. ನೋವು ಇರುವುದಿಲ್ಲ. ನೋವಿಲ್ಲದ್ದರಿಂದಲೇ ನಾವು ಮೋಸ ಹೋಗುವುದು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳಬಹುದು. ಗೋಡೆಯ ಕ್ಯಾಲೆಂಡರ್ ಎದುರು ಕೂತು, ಅಂಗೈಯಿಂದ ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿನಿಂದ ಕ್ಯಾಲೆಂಡರಿನ ಮಧ್ಯೆ ನೋಡಿ. ನಾಲ್ಕೂ ಮೂಲೆ ಕಾಣುತ್ತಿದೆಯೇ? ಗೆರೆಗಳು ನೇರವಾಗಿವೆಯೇ? ಆಮೇಲೆ ಇನ್ನೊಂದು ಕಣ್ಣು. ಎರಡೂ ಕಣ್ಣು ತೆರೆದು ನೋಡಿದರೆ ಚೆನ್ನಾಗಿರುವ ಕಣ್ಣು ಹಾಳಾದ ಕಣ್ಣಿನ ತಪ್ಪನ್ನು ಮುಚ್ಚಿಬಿಡುತ್ತದೆ. ಮನೆಯ ಹಿರಿಯರಿಗೆ ವಾರಕ್ಕೊಮ್ಮೆ ಮಾಡಿಸಿ. ಈ ಪರೀಕ್ಷೆಯಲ್ಲಿ ಎಲ್ಲ ಸರಿ ಕಂಡರೂ ಹೊಸ ಮಿಂಚು, ಚುಕ್ಕೆ ಇದ್ದರೆ ಆಸ್ಪತ್ರೆಗೆ ಹೋಗಲೇಬೇಕು.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಕಣ್ಣಿಗೆ ಹನಿ ಹಾಕಿ ಪಾಪೆ ದೊಡ್ಡದು ಮಾಡಿ ಪರದೆಯನ್ನು ಅಂಚಿನವರೆಗೂ ನೋಡುತ್ತಾರೆ. ಟಾರ್ಚ್ ಬಿಟ್ಟು ನೋಡಿದರೆ, ಕನ್ನಡಕದ ನಂಬರ್ ನೋಡಿದರೆ ಸಾಲದು. “ಮಿಂಚು, ಚುಕ್ಕೆ ಕಾಣ್ತಿದೆ, ಹನಿ ಹಾಕಿ ರೆಟಿನಾ ನೋಡಿ” ಎಂದು ಬಾಯಿಬಿಟ್ಟು ಹೇಳಿ. ಹನಿ ಹಾಕಿದ ಮೇಲೆ ಕೆಲವು ಗಂಟೆ ಮಂಜಾಗಿ ಕಾಣುತ್ತದೆ, ಜೊತೆಗೆ ಒಬ್ಬರು ಇರಲಿ. ಅಲ್ಲಿ ರೆಟಿನಾ ಡಾಕ್ಟರು ಇಲ್ಲದಿದ್ದರೆ ಎಲ್ಲಿಗೆ ಹೋಗಬೇಕೆಂದು ಕೇಳಿ, ಚೀಟಿ ಬರೆಸಿಕೊಂಡು ಅಲ್ಲಿಂದಲೇ ಹೊರಡಿ.

ಬರೀ ಹರಿದಿದ್ದರೆ ಲೇಸರ್ ಅಥವಾ ಶೀತ ಚಿಕಿತ್ಸೆಯಿಂದ ತೂತಿನ ಸುತ್ತ ಬೆಸುಗೆ ಹಾಕುತ್ತಾರೆ. ಕಳಚಿದ್ದರೆ ಆಪರೇಷನ್ ಬೇಕು. ಇಲ್ಲೂ ಲೆನ್ಸ್ ಯಾವುದು ಎಂಬುದು ಮುಖ್ಯ. ಹುಟ್ಟಿನ ಲೆನ್ಸ್ ಇರುವ, ವಯಸ್ಸು ಕಡಿಮೆ ಇರುವ ಕಣ್ಣಿಗೆ ಹೊರಗಿನ ಬಿಳಿ ಗೋಡೆಗೆ ಸಿಲಿಕೋನ್ ಪಟ್ಟಿ ಹೊಲಿದು ಪರದೆ ಕೂರಿಸುವುದು ಅನೇಕ ಸಲ ಒಳ್ಳೆಯದು. ಒಳಗಿನ ಲೋಳೆ ತೆಗೆದರೆ ಹುಟ್ಟಿನ ಲೆನ್ಸಿಗೆ ಒಂದೆರಡು ವರ್ಷದಲ್ಲಿ ಪೊರೆ ಬರುವ ಸಂಭವ ಹೆಚ್ಚು. ಲೆನ್ಸ್ ಹಾಕಿಸಿದ ಕಣ್ಣಿಗೆ ಆ ಭಯವಿಲ್ಲ. ಹಾಗಾಗಿ ಹೆಚ್ಚಾಗಿ ಲೋಳೆ ತೆಗೆದು, ಪರದೆ ಒತ್ತಿ ಹಿಡಿಯಲು ಗ್ಯಾಸ್ ಅಥವಾ ಸಿಲಿಕೋನ್ ಎಣ್ಣೆ ತುಂಬುತ್ತಾರೆ. ಯಾವುದು ಸರಿ ಎಂದು ಡಾಕ್ಟರು ಕಣ್ಣು ನೋಡಿ ತೀರ್ಮಾನಿಸುತ್ತಾರೆ. ಮೊದಲ ಆಪರೇಷನ್ನಿನಲ್ಲೇ ಹತ್ತರಲ್ಲಿ ಎಂಟು ಒಂಬತ್ತು ಜನರ ಪರದೆ ಕೂರುತ್ತದೆ. ಆದರೆ ಎಷ್ಟು ನೋಟ ಬರುತ್ತದೆ ಎನ್ನುವುದು ಮಧ್ಯಭಾಗ ಕಳಚುವ ಮೊದಲು ಬಂದರೋ, ನಂತರ ಬಂದರೋ ಎಂಬುದರ ಮೇಲೆ ನಿಂತಿದೆ. ಮಧ್ಯಭಾಗ ಕಳಚಿದ್ದರೂ ಕೈಬಿಡಬೇಡಿ, ಕೆಲವೇ ದಿನಗಳೊಳಗೆ ಆಪರೇಷನ್ ಆದರೆ ಹೆಚ್ಚು ನೋಟ ಉಳಿಯುತ್ತದೆ.

ಗ್ಯಾಸ್ ತುಂಬಿದವರು ಡಾಕ್ಟರು ಹೇಳಿದ ರೀತಿಯಲ್ಲೇ, ಕೆಲವರು ಬೋರಲಾಗಿ, ದಿನಗಟ್ಟಲೆ ಮಲಗಬೇಕಾಗುತ್ತದೆ. ಗ್ಯಾಸ್ ಕೆಲವು ವಾರಗಳಲ್ಲಿ ತಾನಾಗಿ ಕರಗುತ್ತದೆ. ಕರಗುವ ತನಕ ವಿಮಾನ ಹತ್ತಬಾರದು. ಎತ್ತರಕ್ಕೆ ಹೋದರೆ ಗ್ಯಾಸ್ ಹಿಗ್ಗಿ ಕಣ್ಣಿನ ಒತ್ತಡ ಏರುತ್ತದೆ. ಕರಾವಳಿಯ ಆಸ್ಪತ್ರೆಗೆ ಹೋದ ನಮ್ಮ ಮಲೆನಾಡಿನವರು ಚಾರ್ಮಾಡಿ, ಶಿರಾಡಿ ಘಟ್ಟ ಹತ್ತಿ ಮನೆಗೆ ಬರುವ ಮುಂಚೆ ಡಾಕ್ಟರನ್ನು ಕೇಳಲೇಬೇಕು. ಎಣ್ಣೆ ತುಂಬಿದ್ದರೆ ಸಾಮಾನ್ಯವಾಗಿ ಕೆಲವು ತಿಂಗಳ ನಂತರ ಇನ್ನೊಂದು ಆಪರೇಷನ್ ಮಾಡಿ ತೆಗೆಯುತ್ತಾರೆ. ಆ ತಾರೀಕನ್ನು ಸಂಘದ ಪುಸ್ತಕದಲ್ಲೂ ಬರೆದಿಡಿ.

ಮಾಡಬಾರದ್ದು

ಅಂಗಡಿಯ ಡ್ರಾಪ್ಸ್, ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಯಾವುದೂ ಹರಿದ ಪರದೆಯನ್ನು ಅಂಟಿಸುವುದಿಲ್ಲ. ಕಣ್ಣು ಉಜ್ಜಬೇಡಿ. ಕ್ಯಾಂಪಿಗೆ ಕಾಯಬೇಡಿ. ಪ್ರಾರ್ಥನೆ ಮಾಡಿ, ಹರಕೆ ಹೊತ್ತುಕೊಳ್ಳಿ, ಬೇಡ ಎನ್ನುವುದಿಲ್ಲ. ಬಸ್ಸಿನಲ್ಲಿ ಹೋಗುತ್ತಲೇ ಪ್ರಾರ್ಥಿಸೋಣ.

ಸಂಘ ಏನು ಮಾಡಬಹುದು?

ಮೊದಲ ಕಥೆಯ ಅತ್ತೆಯ ಕಣ್ಣು ಕೆಟ್ಟದ್ದು ಔಷಧಿ ಇಲ್ಲದೆ ಅಲ್ಲ. ತಿಳಿವಳಿಕೆ ಇರಲಿಲ್ಲ, ಕೈಯಲ್ಲಿ ದುಡ್ಡಿರಲಿಲ್ಲ, ಕೇಳಲು ಸಂಕೋಚವಾಯಿತು. ಈ ಮೂರನ್ನೂ ನೀಗಿಸುವ ಶಕ್ತಿ ನಮ್ಮ ಸಂಘಗಳಿಗಿದೆ. ಆದ್ದರಿಂದ ಪ್ರತಿ ಸಂಘವೂ ಒಂದು ಠರಾವು ಮಾಡಬೇಕೆಂದು ಕೇಳಿಕೊಳ್ಳುತ್ತೇವೆ: ಕಣ್ಣಿನ ಈ ಮೂರು ಎಚ್ಚರಿಕೆ ಕಂಡ ಸದಸ್ಯೆಗೆ ಅಥವಾ ಆಕೆಯ ಮನೆಯವರಿಗೆ ಸಭೆಗೆ ಕಾಯದೆ, ಇಬ್ಬರು ಪ್ರತಿನಿಧಿಗಳು ಸೇರಿ ಅದೇ ದಿನ ತುರ್ತು ಸಾಲ ಕೊಡುವುದು, ಮುಂದಿನ ಸಭೆಯಲ್ಲಿ ಪುಸ್ತಕಕ್ಕೆ ದಾಖಲಿಸುವುದು. ಎಷ್ಟು ಮೊತ್ತ, ಎಷ್ಟು ಬಡ್ಡಿ, ಎಷ್ಟು ಕಂತು ಎಂದು ಈಗಲೇ ನಿರ್ಧರಿಸಿಡಿ.

ದೊಡ್ಡ ಖರ್ಚಿಗೆ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಿದೆ. ರೇಷನ್ ಕಾರ್ಡ್, ಆಧಾರ್ ಕಾರ್ಡ್ ಜೊತೆಗೆ ಒಯ್ದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಂಡು, ಈ ಆಪರೇಷನ್ನಿಗೆ ಸೌಲಭ್ಯ ಸಿಗುತ್ತದೆಯೇ, ಸರ್ಕಾರಿ ಆಸ್ಪತ್ರೆಯ ಚೀಟಿ ಬೇಕೇ ಎಂದು ಮೊದಲೇ ಕೇಳಿ. ಪೊರೆ ಆಪರೇಷನ್ ಆದವರ ಡಿಸ್ಚಾರ್ಜ್ ಚೀಟಿ, ಲೆನ್ಸಿನ ವಿವರದ ಕಾಗದವನ್ನು ಪಾಸ್‌ಬುಕ್ಕಿನಷ್ಟೇ ಜೋಪಾನವಾಗಿ ಇಡಿ.

ಸಭೆಯಲ್ಲಿ ಚರ್ಚಿಸೋಣ

1. ನಮ್ಮ ಸಂಘದ ಮನೆಗಳಲ್ಲಿ ಲೆನ್ಸ್ ಹಾಕಿಸಿದವರು ಎಷ್ಟು ಜನ? ದೊಡ್ಡ ಮೈನಸ್ ಕನ್ನಡಕದವರು ಯಾರು? ಪಟ್ಟಿ ಮಾಡಿ.
2. ಪೊರೆಗೂ ಪರದೆಗೂ ವ್ಯತ್ಯಾಸವೇನು? ಒಬ್ಬರು ಇನ್ನೊಬ್ಬರಿಗೆ ಸ್ವಂತ ಮಾತಿನಲ್ಲಿ ಹೇಳಿ.
3. ನಮ್ಮ ಊರಿನಿಂದ ರೆಟಿನಾ ಡಾಕ್ಟರು ಇರುವ ಹತ್ತಿರದ ಆಸ್ಪತ್ರೆ ಯಾವುದು? ಮೊದಲ ಬಸ್ಸು ಎಷ್ಟು ಗಂಟೆಗೆ?
4. ತುರ್ತು ಸಾಲದ ಠರಾವು ನಮ್ಮ ಪುಸ್ತಕದಲ್ಲಿ ಬರೆದಾಯಿತೇ?

ಮುಂದಿನ ಸಭೆಗೆ ಬರುವ ಮುಂಚೆ ಪ್ರತಿಯೊಬ್ಬರೂ ಮನೆಯ ಹಿರಿಯರನ್ನು ಕ್ಯಾಲೆಂಡರ್ ಎದುರು ಕೂರಿಸಿ ಒಂದೊಂದೇ ಕಣ್ಣು ನೋಡಿಸಿ ಬನ್ನಿ. ಸಂಘದಲ್ಲಿ ಉಳಿತಾಯ ಮಾಡಲು ಕಲಿತ ನಾವು ನೋಟವನ್ನೂ ಉಳಿಸಲು ಕಲಿಯೋಣ.